ಪದದಾಟಕ್ಕೆ ತೀರ್ಪುಗಾರ ಯಾವ ನಿಘಂಟು?



"ದೇಶ ಸುತ್ತು, ಕೋಶ ಓದು" ಎಂಬ ಗಾದೆ ನಿಮಗೆಲ್ಲ ಗೊತ್ತು. ಊರು ಬಿಟ್ಟು ಈ ಕೊಲ್ಲಿ ನಾಡಿಗೆ ಬಂದಿರುವ ನಮಗೆ ಗಾದೆಯ ಮೊದಲರ್ಧ ತಾನಾಗಿಯೇ ಒದಗಿದೆ. ಉಳಿದಿರುವುದು ಎರಡನೆಯ ಅರ್ಧ. ಕೋಶ ಎಂದರೆ ಪುಸ್ತಕ. ಪದಗಳ ಭಂಡಾರವೂ ಕೋಶವೇ, ಅಂದರೆ ನಿಘಂಟು. ನಿಘಂಟನ್ನು ಕಥೆಪುಸ್ತಕದಂತೆ ಕುಳಿತು ಓದುವವರು ಕಡಿಮೆ. ಆದರೆ ಪದದಾಟದಲ್ಲಿ ಜಗಳ ಬಂದ ಕೂಡಲೇ ಇಡೀ ತರಗತಿ ಅದರ ಸುತ್ತ ಮುತ್ತಿಕೊಳ್ಳುತ್ತದೆ. ಹಾಗಾದರೆ ಜಗಳ ತೀರಿಸುವ ನಿಘಂಟು ಯಾವುದು? ಅದನ್ನು ಯಾರು, ಯಾವಾಗ ಆರಿಸಬೇಕು? ಈ ಪಾಠದಲ್ಲಿ ಅದನ್ನೇ ನೋಡೋಣ.

ಜಗಳ ಎಲ್ಲಿ ಹುಟ್ಟುತ್ತದೆ?

ನಮ್ಮ ಕನ್ನಡ ತರಗತಿಗಳಲ್ಲಿ ವಾರಕ್ಕೊಮ್ಮೆ ಪದಸರಪಳಿ ಆಡುತ್ತೇವೆ. ಒಂದು ತಂಡ ಹೇಳಿದ ಪದದ ಕೊನೆಯ ಅಕ್ಷರದಿಂದ ಇನ್ನೊಂದು ತಂಡ ಹೊಸ ಪದ ಹೇಳಬೇಕು. ಉದಾಹರಣೆಗೆ: ಕಮಲ – ಲೇಖನಿ – ನೀರು – ರಾಗಿ – ಗಿಡ – ಡೊಳ್ಳು. ಇಲ್ಲಿಗೆ ಬಂಡಿ ನಿಂತಿತು! 'ಳ'ಕಾರದಿಂದ ಆರಂಭವಾಗುವ ಬಳಕೆಯ ಪದ ಕನ್ನಡದಲ್ಲಿ ಇಲ್ಲವೆಂದೇ ಹೇಳಬಹುದು. 'ಹಣ' ಎಂದು ಯಾರಾದರೂ ಹೇಳಿದರೆ 'ಣ'ಕಾರಕ್ಕೂ ಇದೇ ಗತಿ. ಇಂಥ ಕಡೆ ಳಕಾರಕ್ಕೆ ಲಕಾರ, ಣಕಾರಕ್ಕೆ ನಕಾರ ಹಿಡಿಯಬಹುದು ಎಂದು ಮೊದಲೇ ಒಪ್ಪಿಕೊಂಡರೆ ಡೊಳ್ಳಿನ ಮುಂದೆ ಲೋಟ – ಟೊಪ್ಪಿಗೆ – ಗೆಳೆಯ ಎಂದು ಸರಪಳಿ ಮುಂದುವರಿಯುತ್ತದೆ. ನಾವು 'ನೀರು' ಆದ ಮೇಲೆ 'ರಾಗಿ' ಎಂದೆವು, 'ರು' ಎಂದೇ ಆರಂಭಿಸಲಿಲ್ಲ. ಕಾಗುಣಿತದ ಯಾವ ರೂಪವಾದರೂ ಸರಿ ಎಂಬುದೂ ಮೊದಲೇ ಆಗಿರುವ ಒಪ್ಪಂದ.

ಇವು ಆಟದ ನಿಯಮದ ಜಗಳಗಳು. ಇವುಗಳಿಗೆ ನಿಘಂಟು ಬೇಡ. ನಿಘಂಟು ಬೇಕಾಗುವ ಜಗಳಗಳು ಬೇರೆ. ನಾವು ಗಮನಿಸಿದಂತೆ ಅವು ಮುಖ್ಯವಾಗಿ ನಾಲ್ಕು ಬಗೆ.

ಒಂದು, ಕಾಗುಣಿತದ ಜಗಳ. 'ವಿದ್ಯಾರ್ಥಿ'ಯೋ 'ವಿಧ್ಯಾರ್ಥಿ'ಯೋ? 'ಸಂಬಂಧ'ವೋ 'ಸಂಭಂದ'ವೋ? ಇಂಥವು ನಿಘಂಟು ತೆರೆದ ತಕ್ಷಣ ಮುಗಿಯುತ್ತವೆ. 'ಆಗಸ' ಎಂದು ಒಬ್ಬ ಹುಡುಗಿ ಹೇಳಿದಾಗ ಎದುರು ತಂಡದವರು "ಅದು ಅಗಸ, ಬಟ್ಟೆ ಒಗೆಯುವವನು" ಎಂದು ವಾದಿಸಿದರು. ತೆಗೆದು ನೋಡಿದರೆ ಎರಡೂ ಇವೆ. 'ಆಗಸ' ಎಂಬುದು 'ಆಕಾಶ' ಪದದ ತದ್ಭವ.

ಎರಡು, ರೂಪದ ಜಗಳ. 'ಮರದಲ್ಲಿ', 'ಓಡಿದನು' ಇವು ಕನ್ನಡ ಪದಗಳೇ. ಆದರೆ ನಿಘಂಟಿನಲ್ಲಿ ಹುಡುಕಿದರೆ ಸಿಗುವುದು 'ಮರ' ಮತ್ತು 'ಓಡು' ಮಾತ್ರ. ವಿಭಕ್ತಿ ಪ್ರತ್ಯಯ, ಕಾಲಸೂಚಕ ಪ್ರತ್ಯಯ ಸೇರಿದ ರೂಪಗಳನ್ನೆಲ್ಲ ಅಚ್ಚು ಮಾಡಹೊರಟರೆ ಯಾವ ನಿಘಂಟೂ ಮುಗಿಯದು.

ಮೂರು, ಎರವಲು ಪದದ ಜಗಳ. ಬಸ್ಸು, ಕಾರು, ಪೆನ್ನು ಕನ್ನಡವೇ? ಹಾಗೆ ಕೇಳಿದ ತಂಡದವರೇ ಮರುಕ್ಷಣ 'ವಕೀಲ', 'ಹಕ್ಕು', 'ಬಾಕಿ', 'ಅರ್ಜಿ' ಎಂದಿದ್ದರು. ಈ ನಾಲ್ಕೂ ಅರಬ್ಬಿ ಮೂಲದವು! 'ಚಾವಿ' ಪೋರ್ಚುಗೀಸಿನಿಂದ ಬಂದದ್ದು. ಹಳೆಯ ನೆಂಟರನ್ನು ಮನೆಯವರೆಂದು ಮರೆತಿರುತ್ತೇವೆ, ಹೊಸ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನಿಸುತ್ತೇವೆ.

ನಾಲ್ಕು, ಊರಿನ ಜಗಳ. ಹುಬ್ಬಳ್ಳಿಯ ಕಡೆಯವರ ಶೇಂಗಾ ಮೈಸೂರಿನವರಿಗೆ ಕಡಲೆಕಾಯಿ, ಕರಾವಳಿಯವರಿಗೆ ನೆಲಗಡಲೆ. ಮೂರೂ ಒಂದೇ ತರಗತಿಯಲ್ಲಿ ಕುಳಿತಿರುವುದು ನಮ್ಮಂಥ ಹೊರನಾಡ ಶಾಲೆಗಳ ವಿಶೇಷ. ಈ ಜಗಳವೇ ಎಲ್ಲಕ್ಕಿಂತ ಸೂಕ್ಷ್ಮ. ಇದಕ್ಕೆ ಮತ್ತೆ ಬರೋಣ.

ಸ್ಕ್ರ್ಯಾಬಲ್ ಕಲಿಸುವ ಪಾಠ

ನಿಮ್ಮಲ್ಲಿ ಅನೇಕರು ಇಂಗ್ಲಿಷಿನ ಸ್ಕ್ರ್ಯಾಬಲ್ ಆಡುತ್ತೀರಿ. 1930ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಮೋಷರ್ ಬಟ್ಸ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಆಟ ಅದು. 1948ರಲ್ಲಿ ಜೇಮ್ಸ್ ಬ್ರೂನೋ ಎಂಬವರು ಅದಕ್ಕೆ ಈಗಿನ ಹೆಸರಿಟ್ಟು ಮಾರುಕಟ್ಟೆಗೆ ತಂದರು. ಆಟದ ಪೆಟ್ಟಿಗೆಯಲ್ಲಿರುವ ನಿಯಮದ ಹಾಳೆಯನ್ನು ಒಮ್ಮೆ ಓದಿ. ಯಾವ ನಿಘಂಟನ್ನು ಬಳಸುತ್ತೇವೆ ಎಂಬುದನ್ನು ಆಟ ಆರಂಭಿಸುವ ಮೊದಲೇ ಆಟಗಾರರು ತೀರ್ಮಾನಿಸಿಕೊಳ್ಳಬೇಕು ಎಂದು ಅಲ್ಲಿ ಹೇಳಿದೆ. ಇಂಥದೇ ನಿಘಂಟು ಬೇಕೆಂಬ ಹಟವಿಲ್ಲ. ಮೊದಲೇ ಒಪ್ಪಿಕೊಳ್ಳಿ ಎಂಬುದಷ್ಟೇ ಅದರ ಸಾರ.

ಮನೆಯಲ್ಲಿ ಆಡುವಾಗ ಇಷ್ಟು ಸಾಕು. ಪಂದ್ಯಾವಳಿಗಳು ಆರಂಭವಾದಾಗ ಸಾಲದಾಯಿತು. ಅಮೆರಿಕದ ಆಟಗಾರರು ಮೊದಲು ಒಂದು ಕಾಲೇಜು ನಿಘಂಟನ್ನು ಬಳಸುತ್ತಿದ್ದರು. 1978ರಲ್ಲಿ ಆಟಕ್ಕೆಂದೇ ಪ್ರತ್ಯೇಕ ನಿಘಂಟನ್ನು ಮೆರಿಯಮ್ ವೆಬ್‌ಸ್ಟರ್ ಸಂಸ್ಥೆ ಪ್ರಕಟಿಸಿತು. ಬ್ರಿಟನ್ನಿನಲ್ಲಿ ಬಹುಕಾಲ ಚೇಂಬರ್ಸ್ ನಿಘಂಟು ತೀರ್ಪುಗಾರನಾಗಿತ್ತು, ಆ ಸ್ಥಾನ ಈಗ ಕಾಲಿನ್ಸ್ ಪಟ್ಟಿಯದು. ಹೀಗಾಗಿ ಒಂದೇ ಭಾಷೆಯ ಒಂದೇ ಆಟಕ್ಕೆ ಜಗತ್ತಿನಲ್ಲಿ ಎರಡು ಪಟ್ಟಿಗಳಿವೆ. 'ಓಕೆ' ಎಂಬ ಪದವನ್ನೇ ನೋಡಿ. ಅದು ಅಚ್ಚಿನಲ್ಲಿ ಕಾಣಿಸಿದ್ದು 1839ರಲ್ಲಿ. ಅಮೆರಿಕದ ಸ್ಕ್ರ್ಯಾಬಲ್ ನಿಘಂಟಿಗೆ ಅದು ಸೇರಿದ್ದು 2018ರಲ್ಲಿ, ಕಾಲಿನ್ಸ್ ಪಟ್ಟಿಗೆ 2019ರಲ್ಲಿ. ಅಷ್ಟು ವರ್ಷ ಲೋಕವೆಲ್ಲ ಆಡುತ್ತಿದ್ದ ಮಾತಿಗೆ ಆಟದ ಹಲಗೆಯ ಮೇಲೆ ಜಾಗವಿರಲಿಲ್ಲ. ಆಟದಲ್ಲಿ ಸಲ್ಲದ ಪದವೆಲ್ಲ ಭಾಷೆಯಲ್ಲೂ ಸಲ್ಲದು ಎಂದು ತಿಳಿಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಇನ್ನೊಂದು ಸೋಜಿಗ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬ ಆಟಗಾರ ಫ್ರೆಂಚ್ ಮಾತಾಡಲು ಬಾರದಿದ್ದರೂ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು. 2024ರಲ್ಲಿ ಸ್ಪ್ಯಾನಿಷ್ ಪ್ರಶಸ್ತಿಯೂ ಅವರದಾಯಿತು. ಅವರು ಕಲಿತದ್ದು ಪದಗಳ ಪಟ್ಟಿಯನ್ನು. ಅದು ಅಸಾಧಾರಣ ಸಾಧನೆ, ಸಂಶಯವಿಲ್ಲ. ಆದರೆ ಪಟ್ಟಿ ಬೇರೆ, ಭಾಷೆ ಬೇರೆ ಎಂಬುದನ್ನೂ ಅದು ತೋರಿಸುತ್ತದೆ. ನಮಗೆ ಬೇಕಾದದ್ದು ಎರಡೂ.

ಸ್ಕ್ರ್ಯಾಬಲ್‌ನಿಂದ ಎರವಲು ಪಡೆಯಬಹುದಾದ ಇನ್ನೊಂದು ನಿಯಮವಿದೆ. ಒಂದು ಪದವನ್ನು ಪ್ರಶ್ನಿಸಿದಾಗ ಅದು ನಿಘಂಟಿನಲ್ಲಿ ಇಲ್ಲದಿದ್ದರೆ ಆಡಿದವರಿಗೆ ನಷ್ಟ. ಇದ್ದರೆ ಪ್ರಶ್ನಿಸಿದವರು ತಮ್ಮ ಸರದಿ ಕಳೆದುಕೊಳ್ಳುತ್ತಾರೆ. ಅನುಮಾನಕ್ಕೂ ಒಂದು ಬೆಲೆ ಇರುವುದರಿಂದ ಮಾತುಮಾತಿಗೆ "ಅದು ಪದವೇ ಅಲ್ಲ" ಎಂದು ಕೂಗುವುದು ನಿಲ್ಲುತ್ತದೆ.

ಕನ್ನಡದಲ್ಲಿ ಯಾವ ಯಾವ ನಿಘಂಟುಗಳಿವೆ?

ಈಗ ನಮ್ಮ ಮನೆಗೆ ಬರೋಣ. ನಮ್ಮ ಪ್ರಾಚೀನರು ನಿಘಂಟನ್ನು ಪದ್ಯದಲ್ಲಿ ಬರೆದು ಬಾಯಿಪಾಠ ಮಾಡುತ್ತಿದ್ದರು. ಹತ್ತನೆಯ ಶತಮಾನದ ರನ್ನನ ಹೆಸರಿನಲ್ಲಿ 'ರನ್ನಕಂದ' ಎಂಬ ನಿಘಂಟಿನ ಕೆಲವು ಪದ್ಯಗಳು ಉಳಿದಿವೆ. ಆಟದ ಮಧ್ಯೆ ಪದ ಹುಡುಕಲು ನಮಗೆ ಬೇಕಾದುದು ಅಕಾರಾದಿ ಕ್ರಮದ ನಿಘಂಟು. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಪರಿಚಯ ಮಾಡಿಕೊಳ್ಳೋಣ.

ಕಿಟೆಲ್ ನಿಘಂಟು: ಜರ್ಮನಿಯಿಂದ 1853ರಲ್ಲಿ ಭಾರತಕ್ಕೆ ಬಂದ ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂತು. ಸುಮಾರು 70,000 ಪದಗಳ ಮಹಾಗ್ರಂಥ. ಹಳಗನ್ನಡದ ಪದಗಳು, ಗಾದೆಗಳು, ಆಡುಮಾತು ಎಲ್ಲವೂ ಇದರಲ್ಲಿವೆ. ಅರ್ಥ ಇಂಗ್ಲಿಷಿನಲ್ಲಿ ಇರುವುದರಿಂದ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಅನುಕೂಲ. ಆದರೆ ನಮ್ಮ ಊರುಗಳಲ್ಲಿ ಮೋಟಾರು ಬಸ್ಸು ಓಡುವ ಮೊದಲೇ ಅಚ್ಚಾದ ಪುಸ್ತಕದಲ್ಲಿ 'ಬಸ್ಸು' ಹುಡುಕಿ ಫಲವಿಲ್ಲ. ಇದನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾನಿಲಯ ಪ್ರಕಟಿಸಿದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು: ಇದು ಕನ್ನಡ ಪದಕ್ಕೆ ಕನ್ನಡದಲ್ಲೇ ಅರ್ಥ ಕೊಡುವ ಎಂಟು ಸಂಪುಟಗಳ ನಿಘಂಟು. ಮೊದಲ ಸಂಪುಟ 1970ರಲ್ಲಿ, ಕೊನೆಯದು 1995ರಲ್ಲಿ ಬಂತು. ಶಾಸನಗಳಿಂದ, ಕಾವ್ಯಗಳಿಂದ ಪ್ರಯೋಗಗಳನ್ನು ಎತ್ತಿ ತೋರಿಸುವುದು ಇದರ ಹೆಗ್ಗಳಿಕೆ. ಮನೆಯಲ್ಲಿ ಎಂಟು ಸಂಪುಟ ಇಡುವುದು ಎಲ್ಲರಿಗೂ ಆಗದು. ಪರಿಷತ್ತಿನದೇ ಸಂಕ್ಷಿಪ್ತ ಕನ್ನಡ ನಿಘಂಟು ಇದೆ. ರಜೆಗೆ ಊರಿಗೆ ಹೋದಾಗ ತರಲು ಅದು ತಕ್ಕದ್ದು.

ಪ್ರೊ. ಜಿ. ವೆಂಕಟಸುಬ್ಬಯ್ಯನವರ ಕೋಶಗಳು: ಪರಿಷತ್ತಿನ ನಿಘಂಟಿನ ಸಂಪಾದಕರಾಗಿ ದುಡಿದ ವೆಂಕಟಸುಬ್ಬಯ್ಯನವರು (1913–2021) 1991ರಿಂದ ಪ್ರಜಾವಾಣಿ ಪತ್ರಿಕೆಯಲ್ಲಿ 'ಇಗೋ ಕನ್ನಡ' ಅಂಕಣದ ಮೂಲಕ ಓದುಗರ ಪದಸಂಶಯಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. ಎರವಲು ಪದಗಳ ಜಗಳಕ್ಕೆ ಅವರ 'ಎರವಲು ಪದಕೋಶ' ನೆರವಾಗುತ್ತದೆ.

ಅಲರ್: ವಿ. ಕೃಷ್ಣ ಅವರು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಅಂತರಜಾಲದಲ್ಲಿ 'ಅಲರ್' ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುತ್ತದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಪುಸ್ತಕ ಸಿಗದ ಊರಿನಲ್ಲಿರುವ ನಮಗೆ ಇದೊಂದು ವರ.

ಇವುಗಳಲ್ಲಿ ಯಾವುದು ಸರಿ ಎಂದು ಕೇಳಬೇಡಿ. ಎಲ್ಲವೂ ಸರಿಯೇ. ಯಾವ ಆಟಕ್ಕೆ ಯಾವುದು ತಕ್ಕದ್ದು ಎಂದು ಕೇಳಿ. 'ಪುಲಿ' ಎಂಬ ಪದ ಹಳಗನ್ನಡದಲ್ಲಿ ಹುಲಿ. ದೊಡ್ಡ ನಿಘಂಟುಗಳಲ್ಲಿ ಅದಕ್ಕೆ ಸ್ಥಾನವಿದೆ. ಹತ್ತನೆಯ ತರಗತಿಯವರು ಅದನ್ನು ಆಡಿದರೆ ನಮಗೆ ಸಂತೋಷ. ಮೂರನೆಯ ತರಗತಿಯ ಮಗುವಿನ ಎದುರು ಆಡಿದರೆ ಅದು ಆಟವಾಗುವುದಿಲ್ಲ. ನಿಘಂಟನ್ನು ಆರಿಸುವುದೆಂದರೆ ಆಟದ ಮೈದಾನಕ್ಕೆ ಗೆರೆ ಎಳೆಯುವುದು.

ನಿಘಂಟು ನೋಡುವ ಕ್ರಮ

"ಇಲ್ಲ" ಎಂದು ತೀರ್ಪು ಕೊಡುವ ಮೊದಲು ಸರಿಯಾಗಿ ಹುಡುಕಿದ್ದೇವೆಯೇ? ಈ ಅಂಶಗಳನ್ನು ನೆನಪಿಡಿ.

ಅ) ಸ್ವರಗಳು ಮುಗಿದ ಮೇಲೆ ವ್ಯಂಜನಗಳು. ಒಂದೊಂದು ವ್ಯಂಜನದ ಒಳಗೂ ಕಾಗುಣಿತದ ಕ್ರಮ: ಕ, ಕಾ, ಕಿ, ಕೀ... ಕೌ ಆದ ಮೇಲೆ ಕ್ರ, ಕ್ಷ ಮುಂತಾದ ಒತ್ತಕ್ಷರಗಳು. 'ಕ್ಷಮೆ' ಕಕಾರದಲ್ಲಿ, 'ಜ್ಞಾನ' ಜಕಾರದಲ್ಲಿ ಸಿಗುತ್ತದೆ. 'ಹ' ಮತ್ತು 'ಳ' ಆದ ಮೇಲೆ ಹುಡುಕಿ ಇಲ್ಲವೆನ್ನಬೇಡಿ.

ಆ) ಅನುಸ್ವಾರವಿರುವ ಪದಗಳ (ಅಂಕ, ಅಂಗಡಿ) ಜಾಗ ಎಲ್ಲಿ ಎಂದು ನಿಮ್ಮ ನಿಘಂಟಿನ ಮೊದಲ ಪುಟಗಳಲ್ಲೇ ನೋಡಿಕೊಳ್ಳಿ.

ಇ) ಕ್ರಿಯಾಪದವನ್ನು ಧಾತು ರೂಪದಲ್ಲಿ ಹುಡುಕಿ. 'ಬಂದಳು' ಬೇಕಾದರೆ 'ಬರು', 'ತಿಂದ' ಬೇಕಾದರೆ 'ತಿನ್ನು'.

ಈ) ಒಂದೇ ಬರಹಕ್ಕೆ ಎರಡು ನಮೂದುಗಳು ಇರಬಹುದು. 'ಓಡು' ಎಂದರೆ ಧಾವಿಸು. 'ಓಡು' ಎಂದರೆ ಹೆಂಚಿನ ಚೂರು, ಚಿಪ್ಪು.

ನಮ್ಮ ಶಾಲೆಯಲ್ಲಿ ಅರಬ್ಬಿ ಕಲಿಯುವ ಮಕ್ಕಳಿಗೆ ಇದು ಹೊಸತಲ್ಲ. ಅರಬ್ಬಿ ನಿಘಂಟುಗಳು ಬಹುವಾಗಿ ಮೂಲಧಾತುವಿನ ಕ್ರಮದಲ್ಲಿ ಇರುತ್ತವೆ. 'ಕಿತಾಬ್', 'ಮಕ್ತಬ್' ಎರಡೂ ಕ–ತ–ಬ ಎಂಬ ಒಂದೇ ಧಾತುವಿನ ಅಡಿಯಲ್ಲಿ. 'ಮ'ದಲ್ಲಿ 'ಮಕ್ತಬ್' ಹುಡುಕಿದವನಿಗೆ ಸಿಗದಿದ್ದರೆ ತಪ್ಪು ನಿಘಂಟಿನದಲ್ಲ.

ಪತ್ರಿಕೆಗಳ ಪದಬಂಧ ಬಿಡಿಸುವವರಿಗೆ ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲಿಪಿಚಿಹ್ನೆ, ಕನ್ನಡದಲ್ಲಿ ಒಂದು ಮನೆಗೆ ಒಂದು ಅಕ್ಷರ. 'ಸ್ತ್ರೀ' ಎಂಬುದರಲ್ಲಿ ಸ್, ತ್, ರ್, ಈ ಎಂಬ ನಾಲ್ಕು ವರ್ಣಗಳಿದ್ದರೂ ಪದಬಂಧದಲ್ಲಿ ಅದಕ್ಕೆ ಒಂದೇ ಮನೆ.

ಅಜ್ಜಿಯ ಮಾತಿಗೆ ಎಲ್ಲಿ ಜಾಗ?

ಈಗ ನಾಲ್ಕನೆಯ ಬಗೆಯ ಜಗಳಕ್ಕೆ ಬರೋಣ. ಆರನೆಯ ತರಗತಿಯಲ್ಲಿ ಒಮ್ಮೆ ಬಕಾರದ ಸರದಿ ಬಂದಾಗ ಕರಾವಳಿಯ ಹುಡುಗನೊಬ್ಬ "ಬಚ್ಚಂಗಾಯಿ" ಎಂದ. ತರಗತಿ ಗೊಳ್ಳೆಂದು ನಕ್ಕಿತು. "ಅದು ಕಲ್ಲಂಗಡಿ ಕಣೋ!" ಎಂದರು. ಒಪ್ಪಿಕೊಂಡಿದ್ದ ಪುಟ್ಟ ಕಿಸೆ ನಿಘಂಟಿನಲ್ಲಿ ಪದ ಸಿಗಲಿಲ್ಲ. ನಿಯಮದಂತೆ ಅಂಕ ಇಲ್ಲ. ಹುಡುಗ ಸುಮ್ಮನೆ ಕುಳಿತ. ಗಂಟೆ ಹೊಡೆದ ಮೇಲೆ ನಮ್ಮ ಮೇಜಿನ ಹತ್ತಿರ ಬಂದು ಕೇಳಿದ: "ಟೀಚರ್, ಹಾಗಾದ್ರೆ ನಮ್ಮ ಅಜ್ಜಿ ಮಾತಾಡುವುದು ಕನ್ನಡ ಅಲ್ವಾ?"

ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಇಲ್ಲಿ ಬೆಳೆಯುವ ಮಗುವಿಗೆ ಕನ್ನಡ ಸಿಗುವುದು ಎರಡೇ ಕಡೆ: ವಾರಕ್ಕೆ ಕೆಲವು ಪಿರಿಯಡ್ಡುಗಳ ತರಗತಿಯಲ್ಲಿ ಮತ್ತು ಮನೆಯ ಹಿರಿಯರ ಬಾಯಲ್ಲಿ. ತರಗತಿಯ ಕನ್ನಡವು ಮನೆಯ ಕನ್ನಡವನ್ನು ನೋಡಿ ನಕ್ಕರೆ ಮಗು ಎರಡನ್ನೂ ಬಿಟ್ಟು ಇಂಗ್ಲಿಷಿಗೆ ಹೋಗುತ್ತದೆ. ಅಲ್ಲಿ ಯಾರೂ ನಗುವುದಿಲ್ಲವಲ್ಲ!

ಹಾಗೆಂದು ಆ ದಿನದ ತೀರ್ಪನ್ನು ಬದಲಿಸುವುದೂ ನ್ಯಾಯವಲ್ಲ. ಆಟ ನಡೆಯುತ್ತಿರುವಾಗ ಒಬ್ಬರಿಗಾಗಿ ನಿಘಂಟು ಬದಲಿಸಿದರೆ ಇನ್ನೊಬ್ಬರಿಗೆ ಮೋಸವಾಗುತ್ತದೆ. ಆದ್ದರಿಂದ ನಾವು ಹುಡುಗನಿಗೆ ಹೇಳಿದ್ದು ಇಷ್ಟು: "ನಿನ್ನ ಪದ ಕನ್ನಡವೇ. ಈ ಪುಟ್ಟ ಪುಸ್ತಕದಲ್ಲಿ ಇಲ್ಲ, ಅಷ್ಟೆ. ಪುಸ್ತಕಕ್ಕೆ ಗೊತ್ತಿಲ್ಲದ್ದನ್ನು ನಿನ್ನ ಅಜ್ಜಿ ಬಲ್ಲರು. ಬರೆದು ತಾ." ಅಂದಿನಿಂದ ತರಗತಿಯಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಅದರ ಹೆಸರು 'ಮನೆಮಾತಿನ ಕೋಶ'. ಪದ, ಅರ್ಥ, ಯಾವ ಊರಿನ ಕಡೆ, ಮನೆಯಲ್ಲಿ ಯಾರು ಹೇಳುತ್ತಾರೆ, ಒಂದು ವಾಕ್ಯ: ಇಷ್ಟನ್ನು ಅಂದವಾಗಿ ಬರೆಯಬೇಕು. ಮೊದಲ ಪುಟದ ಮೊದಲ ಪದ ಬಚ್ಚಂಗಾಯಿ. ಹುಡುಗ ಫೋನು ಮಾಡಿ ಅಜ್ಜಿಯನ್ನೇ ಕೇಳಿ ವಾಕ್ಯ ಬರೆದು ತಂದ. ಮುಂದಿನ ವಾರ ನಕ್ಕವರೇ ಸಾಲಾಗಿ ನಿಂತು ತಮ್ಮ ತಮ್ಮ ಮನೆಯ ಪದಗಳನ್ನು ತಂದರು.

ಒಂದು ಎಚ್ಚರಿಕೆ. ನಮ್ಮಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಕೊಡವ. ಅವು ಕೆಟ್ಟ ಕನ್ನಡವಲ್ಲ, ಬೇರೆ ಭಾಷೆಗಳು. ತುಳುವಿಗೆ ಉಡುಪಿಯಲ್ಲಿ ಸಿದ್ಧವಾದ ಆರು ಸಂಪುಟಗಳ ನಿಘಂಟೇ ಇದೆ. ಕನ್ನಡದ ಆಟದಲ್ಲಿ ತುಳು ಪದಕ್ಕೆ ಅಂಕವಿಲ್ಲ ಎಂದರೆ ಅದು ಅವಮಾನವಲ್ಲ, ಕ್ರಿಕೆಟ್ಟಿನಲ್ಲಿ ಗೋಲು ಇಲ್ಲದ ಹಾಗೆ.

ನಮ್ಮ ಒಪ್ಪಂದ

ತರಗತಿಯ ಮಕ್ಕಳೆಲ್ಲ ಸೇರಿ ಚರ್ಚಿಸಿ ಒಪ್ಪಿಕೊಂಡ ನಿಯಮಗಳು ಇವು. ಮನೆಯಲ್ಲಿ ಆಡುವಾಗಲೂ ಬಳಸಿ ನೋಡಿ.

1. ಆಟ ಆರಂಭಿಸುವ ಮೊದಲು ನಿಘಂಟಿನ ಹೆಸರನ್ನು ಹಲಗೆಯ ಮೇಲೆ ಬರೆಯಬೇಕು. ಆಟ ಮುಗಿಯುವವರೆಗೆ ಬದಲಿಸುವಂತಿಲ್ಲ.

2. ಕಿರಿಯರಿಗೆ ಸಂಕ್ಷಿಪ್ತ ನಿಘಂಟು. ಎಂಟನೆಯ ತರಗತಿಯಿಂದ ಮೇಲಿನವರಿಗೆ ಅದರಲ್ಲಿ ಸಿಗದ ಪದಕ್ಕೆ ಮೇಲ್ಮನವಿ ಉಂಟು. ಮೇಲ್ಮನವಿಗೆ ಒಂದೇ ಒಂದು ದೊಡ್ಡ ನಿಘಂಟು. ಅಲ್ಲಿಯೂ ಇಲ್ಲದಿದ್ದರೆ ಮೂರನೆಯ ಕಡೆಗೆ ಓಡುವಂತಿಲ್ಲ.

3. ಪದ ನಿಘಂಟಿನ ಮೂಲರೂಪದಲ್ಲಿರಬೇಕು. ವಿಭಕ್ತಿ ಪ್ರತ್ಯಯ ಸೇರಿದ ರೂಪ, ಕ್ರಿಯಾಪದದ ಕಾಲರೂಪ, ಅಂಕಿತನಾಮ ಸಲ್ಲವು.

4. ಎರವಲು ಪದ ಒಪ್ಪಿಕೊಂಡ ನಿಘಂಟಿನಲ್ಲಿದ್ದರೆ ಸಲ್ಲುತ್ತದೆ. ಮೂಲ ಯಾವ ಭಾಷೆ ಎಂದು ಜಾತಕ ಕೇಳುವಂತಿಲ್ಲ.

5. ಅರ್ಥ ಬೇರೆಯಾದರೂ ಒಂದೇ ಬರಹದ ಪದವನ್ನು ಒಂದು ಆಟದಲ್ಲಿ ಒಮ್ಮೆ ಮಾತ್ರ ಹೇಳಬೇಕು.

6. ಪ್ರಶ್ನಿಸಿದ ಪದ ನಿಘಂಟಿನಲ್ಲಿದ್ದರೆ ಪ್ರಶ್ನಿಸಿದ ತಂಡ ಒಂದು ಸರದಿ ಕಳೆದುಕೊಳ್ಳುತ್ತದೆ. ಇಲ್ಲದಿದ್ದರೆ ಹೇಳಿದ ತಂಡಕ್ಕೆ ಅಂಕವಿಲ್ಲ. ಎರಡರಲ್ಲಿ ಯಾವುದಾದರೂ ನಗುವಂತಿಲ್ಲ.

7. ನಿಘಂಟನ್ನು ಎರಡೂ ತಂಡಗಳಿಂದ ಒಬ್ಬೊಬ್ಬರು ಸೇರಿ ನೋಡಬೇಕು. ಪದದ ಅರ್ಥವನ್ನು ಗಟ್ಟಿಯಾಗಿ ಓದಬೇಕು.

8. ಮನೆಮಾತಿನ ಕೋಶಕ್ಕೆ ಸೇರಿದ ಪದ ಅಂದಿನ ಆಟದಲ್ಲಿ ಸಲ್ಲದು. ಪದವನ್ನು ಬಲ್ಲ ಇಬ್ಬರು ಹಿರಿಯರ ಮಾತು ಸಿಕ್ಕ ಮೇಲೆ, ಮುಂದಿನ ಅವಧಿಯಿಂದ ಸಲ್ಲುತ್ತದೆ.

ಎಂಟನೆಯ ನಿಯಮವನ್ನು ಸೂಚಿಸಿದವರು ಮಕ್ಕಳೇ. ದೊಡ್ಡ ನಿಘಂಟುಗಳೂ ಹೀಗೆಯೇ ಬೆಳೆಯುತ್ತವೆ ಎಂಬುದನ್ನು ನಾವು ಆಮೇಲೆ ವಿವರಿಸಿದೆವು. ಮೊದಲು ಜನ ಆಡುತ್ತಾರೆ, ಆಮೇಲೆ ಪ್ರಯೋಗ ಸಿಗುತ್ತದೆ, ಕೊನೆಗೆ ನಿಘಂಟು ಬರೆದುಕೊಳ್ಳುತ್ತದೆ. ಬಚ್ಚಂಗಾಯಿ ಎರಡನೆಯ ಅವಧಿಯಲ್ಲಿ ಅಂಕ ಗಳಿಸಿತು. ಗಳಿಸಿದ್ದು ಎದುರು ತಂಡದ ಮೈಸೂರಿನ ಹುಡುಗಿ!

ಪೋಷಕರಲ್ಲಿ ಒಂದು ವಿನಂತಿ

ಮನೆಯಲ್ಲಿ ಮಕ್ಕಳು "ಇದು ಕನ್ನಡವೇ?" ಎಂದು ಕೇಳಿದಾಗ ನಾವು ಹಿರಿಯರು ಸಾಮಾನ್ಯವಾಗಿ "ಹೌದು, ನಾನು ಹೇಳುತ್ತೇನಲ್ಲ" ಎನ್ನುತ್ತೇವೆ. ಅದರ ಬದಲು "ಬಾ, ನೋಡೋಣ" ಎನ್ನಿ. ಅಪ್ಪನಿಗಿಂತಲೂ, ಟೀಚರಿಗಿಂತಲೂ ಮೇಲೆ ಇಬ್ಬರೂ ಒಪ್ಪಿಕೊಂಡ ಒಂದು ಪುಸ್ತಕವಿದೆ ಎಂದು ತಿಳಿಯುವುದು ಮಗುವಿಗೆ ದೊಡ್ಡ ಪಾಠ. ಸೋತಾಗ ಮುನಿಸಿಕೊಳ್ಳದೆ ತೀರ್ಪನ್ನು ಒಪ್ಪುವುದು, ಗೆದ್ದಾಗ ಎದುರಿನವರ ಮಾತನ್ನು ಹೀಯಾಳಿಸದಿರುವುದು ಪದದಾಟಕ್ಕೆ ಮಾತ್ರ ಬೇಕಾದ ಗುಣಗಳಲ್ಲ.

ಮನೆಯಲ್ಲಿ ಮಾಡಲು ಅಭ್ಯಾಸ

1. ಆಕಾಶ–ಆಗಸ, ವರ್ಷ–ವರುಷ, ಶ್ರೀ–ಸಿರಿ: ಇಂಥ ಇನ್ನೂ ಐದು ತತ್ಸಮ–ತದ್ಭವ ಜೋಡಿಗಳನ್ನು ನಿಘಂಟಿನಿಂದ ಹುಡುಕಿ ಬರೆಯಿರಿ.

2. 'ಕಾಡು', 'ಕರೆ', 'ಅರಸು' ಪದಗಳಿಗೆ ಎಷ್ಟೆಷ್ಟು ಅರ್ಥಗಳಿವೆ? ನೋಡಿ.

3. ನಿಮ್ಮ ಮನೆಯಲ್ಲಿ ಮಾತ್ರ ಕೇಳಿದ, ಪಠ್ಯಪುಸ್ತಕದಲ್ಲಿ ಕಾಣದ ಮೂರು ಪದಗಳನ್ನು ಅಜ್ಜ ಅಜ್ಜಿಯರಿಗೆ ಫೋನು ಮಾಡಿ ಖಚಿತಪಡಿಸಿಕೊಂಡು, ಊರಿನ ಹೆಸರಿನೊಂದಿಗೆ ಬರೆದು ತನ್ನಿ. ಮನೆಮಾತಿನ ಕೋಶದಲ್ಲಿ ಇನ್ನೂ ಬಹಳ ಹಾಳೆಗಳು ಖಾಲಿ ಇವೆ.